ತಲೆಯಿಲ್ಲದ ಹಾವುಮೀನು

“ಇವನು ಕೈ ಸುಟ್ಕೊಳ್ತಾನೆ ಅಂತ ನಿನ್ನೆ ನೀವೇ ಹೇಳಿದ್ರಲ್ಲ ಅತ್ತಿಗೆ. ಇವತ್ತು ಸುಟ್ಟೇಬಿಟ್ರಿ!”

ಊಟದಂಗಡಿಯ ಯಜಮಾನ ಅಡುಗೆಮನೆ ಅದುರುವಂತೆ ಕೂಗುತ್ತಿದ್ದ. ತೋಳಿಗೆ ಪಟ್ಟಿ ಕಟ್ಟಿಸಿಕೊಂಡು ಬಂದಿದ್ದ ಅವನ ಬಾಮೈದ ಮೂಲೆಯಲ್ಲಿ ನರಳುತ್ತಿದ್ದ. ಕಾದ ಎಣ್ಣೆ ಹಿಂದಿನಿಂದ ಸಿಡಿದಿತ್ತು. ಆಗ ಹಿಂದೆ ಇದ್ದವಳು ಅಂಗಡಿಯ ಅಡುಗೆ ಮಾಡುವ ಅತ್ತಿಗೆ ಒಬ್ಬಳೇ. ಸಿಟ್ಟು ಬಂದವನಿಗೆ ಇಷ್ಟು ಸಾಕ್ಷಿ ಸಾಕು.

ದೂರು ಕೇಳಿ ಬಂದಿದ್ದ ಇನ್‌ಸ್ಪೆಕ್ಟರ್ ಎಲ್ಲ ಕೇಳಿಸಿಕೊಂಡರು. ಅವಳು ದುಡಿದು ಹೆಸರು ತಂದ ಒಲೆಯನ್ನು ಬಾಮೈದನಿಗೆ ಒಪ್ಪಿಸುವ ಮಾತು ನಡೆದಿತ್ತು. ಕೆಲಸ ಕಲಿಯದೆ ಒಲೆ ಮುಂದೆ ನಿಂತರೆ ಕೈ ಸುಟ್ಟುಕೊಳ್ಳುತ್ತಾನೆ ಎಂದಿದ್ದಳು. ಬುದ್ಧಿಮಾತೋ, ಬೆದರಿಕೆಯೋ? ಬೆದರಿಕೆಯಾದರೆ ಅವಳ ದಾರಿ ಠಾಣೆಗೆ.

“ನಾನು ಮುಟ್ಟಿಲ್ಲ ಸಾರ್. ಹಾವುಮೀನು ತಾನೇ ಎಣ್ಣೆಗೆ ಬಿತ್ತು,” ಎಂದಳು ಅತ್ತಿಗೆ.

“ತಲೆ ಕತ್ತರಿಸಿದ ಮೀನು, ನಡ್ಕೊಂಡು ಹೋಯ್ತಾ?” ಎಂದ ಯಜಮಾನ.

ಇನ್‌ಸ್ಪೆಕ್ಟರ್ ಬಗ್ಗಿ ನೋಡಿದರು. ಹಲಗೆಯಿಂದ ಬಾಣಲೆಯವರೆಗೆ ಒದ್ದೆ ಉಪ್ಪಿನ ಗೀರು. ದಿನವೂ ಮೀನಿಗೆ ಹೀಗೆಯೇ ಉಪ್ಪು ಹಾಕುತ್ತೀರಾ ಎಂದು ಕೇಳಿದರು. ಇಲ್ಲ, ಹಿಂದಿನ ದಿನ ಕೊಯ್ದು ಐಸಿನಲ್ಲಿಟ್ಟ ಮೀನಿಗೆ ಮಾತ್ರ ಉಪ್ಪು ಎಂದಳು. ಇಂದು ಐಸ್ ಬಂದಿರಲಿಲ್ಲ. ತೊಟ್ಟಿಯಲ್ಲಿದ್ದ ಜೀವಂತ ಮೀನನ್ನೇ ಕೊಯ್ದಿದ್ದರು.

ತೊಟ್ಟಿಯಲ್ಲಿ ಇನ್ನೊಂದಿತ್ತು. ಕೊಯ್ಯಿಸಿದರು. ಸುಲಿದ ಮೈ ಹಲಗೆಯ ಮೇಲೆ ಹಗ್ಗದಂತೆ ಬಿದ್ದಿತ್ತು. ಒಂದು ಹಿಡಿ ಉಪ್ಪು ಹಾಕಿದರು — ಮೈ ಸೆಟೆಯಿತು, ಹೊರಳಿತು, ಜಾರಿ ನೆಲಕ್ಕೆ ಬಿತ್ತು. ಬಾಮೈದ ಗೋಡೆಗೆ ಆತುಕೊಂಡ.

“ಪ್ರಾಣ ಹೋಗಿದೆ. ಮಾಂಸದ ಕಸುವು ಇನ್ನೂ ಆರಿಲ್ಲ,” ಎಂದರು ಇನ್‌ಸ್ಪೆಕ್ಟರ್. “ಮಿದುಳಿನ ಅಪ್ಪಣೆಗೆ ನರ ಮಿಡಿಯೋ ಹಾಗೇ ಉಪ್ಪು ತಾಗಿದ್ರೂ ಮಿಡಿಯುತ್ತೆ. ಯಜಮಾನ ಸತ್ತ ಸುದ್ದಿ ಆಳಿಗೆ ತಲುಪಿಲ್ಲ, ಅಷ್ಟೇ. ಐಸಲ್ಲಿಟ್ಟ ಮೀನಲ್ಲಿ ಆ ಕಸುವು ಉಳಿದಿರಲ್ಲ. ಈಗ ಹೇಳಿ — ಇವತ್ತು ಉಪ್ಪು ಹಾಕಿದ್ದು ಯಾರು?”

ಬಾಮೈದ ಸುಡದ ಕೈಯನ್ನು ಮೆಲ್ಲಗೆ ಎತ್ತಿದ. ಉಪ್ಪು ಸುರಿದು, ಹಲಗೆಯನ್ನು ಬಾಣಲೆಯ ಪಕ್ಕಕ್ಕಿಟ್ಟು, ತಟ್ಟೆ ತರಲು ತಿರುಗಿದ್ದನಂತೆ.

“ನೀವೇ ಎರಚಿದ್ರಿ ಅಂದ್ಕೊಂಡೆ ಅಕ್ಕಾ. ನಿಜವಾಗ್ಲೂ,” ಎಂದ ಅತ್ತಿಗೆಯ ಕಡೆ ತಿರುಗಿ.

ಅವಳು ಅವನ ಪಟ್ಟಿಯನ್ನು ನೋಡಿದಳು. “ನೀರು ತಾಗಿಸ್ಬೇಡ,” ಎಂದಳು.

ಯಜಮಾನ ಗಂಟಲು ಸರಿಮಾಡಿಕೊಂಡ. ಆದದ್ದಾಯಿತು, ಗಿರಾಕಿಗಳು ಕಾಯುತ್ತಿದ್ದಾರೆ, ಒಲೆ ಹಚ್ಚಿ ಎಂದ.

ಅವಳು ತನ್ನ ಚಾಕುವನ್ನು ತೊಳೆದು, ಒರೆಸಿ, ಚೀಲಕ್ಕೆ ಹಾಕಿಕೊಂಡು ಹಿತ್ತಲ ಬಾಗಿಲಿನಿಂದ ಹೊರಟಳು. ಯಜಮಾನ ಬೀದಿಗೆ ಬಂದು ಅತ್ತಿಗೆ, ಅತ್ತಿಗೆ ಎಂದು ಕೂಗಿದ. ಅವಳು ತಿರುಗಿ ನೋಡಲಿಲ್ಲ. ಆ ಹೊಸ್ತಿಲನ್ನು ಮತ್ತೆ ತುಳಿಯಲೂ ಇಲ್ಲ.