ಒಳ್ಳೆ ನೀರು

ಬೆಳಗ್ಗೆ ಏಳೂ ಹತ್ತಕ್ಕೆ ಗಡಿಯಾರ ರಿಪೇರಿಯವರು ಊರುಗೋಲು ಊರಿಕೊಂಡು ತಮ್ಮ ಹೂವಿನ ಕೋಣೆಗೆ ಹೋದರು. ಹನ್ನೆರಡು ಆರ್ಕಿಡ್ ಕುಂಡಗಳಲ್ಲಿ ಹನ್ನೊಂದು ಹಾಳಾಗಿದ್ದವು. ಕಾಲು ಮುರಿದು ಐದು ವಾರ ಆಸ್ಪತ್ರೆಯಲ್ಲಿದ್ದ ಅವರು ಹಿಂದಿನ ಸಂಜೆಯಷ್ಟೇ ಮನೆಗೆ ಬಂದಿದ್ದರು.

ಒಂಬತ್ತಕ್ಕೆ ನರ್ಸರಿಗೆ ಹೋಗಿ, ಗಿರಾಕಿಗಳ ಎದುರಿಗೇ, ಮೂವತ್ತು ವರ್ಷಗಳಿಂದ ಗೆಳೆಯನಾಗಿದ್ದ ನರ್ಸರಿಯವನನ್ನು ಕೊಲೆಗಾರ ಎಂದು ಬೈದರು. ಹತ್ತಕ್ಕೆ ಮೂರನೇ ಮಹಡಿಯ ಮೇಡಂ ಅವರ ಬಾಗಿಲು ತಟ್ಟಿದರು. ಮೇಡಂ ನೀರು ಸರಬರಾಜಿನ ಪ್ರಯೋಗಾಲಯದಿಂದ ನಿವೃತ್ತರಾದವರು. ಆ ಕಟ್ಟಡದಲ್ಲಿ ಏನೇ ನಡೆದರೂ ದೂರು ಹೋಗುತ್ತಿದ್ದುದು ಅವರಲ್ಲಿಗೇ. ನೆಲಮಹಡಿಯ ದರ್ಜಿ ಅವರ ಬಲಗೈ. ಈ ಒಂಬತ್ತರ ಕೆಲಸ, ಹತ್ತರ ಕೆಲಸ ಅದಲುಬದಲಾಗಿದ್ದರೆ ಎಂದು ದರ್ಜಿ ಆಮೇಲೆ ಎಷ್ಟೋ ಸಲ ಅಂದುಕೊಂಡ.

"ನೀರು ಹಾಕ್ತಿದ್ದೋಳು ನಮ್ಮಕ್ಕ. ನಾನು ಹೇಳಿದಂಗೇ ಹಾಕಿದಾಳೆ," ಎಂದರು ಗಡಿಯಾರದವರು. "ಆ ನರ್ಸರಿಯವನು ನಾನು ಆಸ್ಪತ್ರೆ ಸೇರಿದ ಎರಡನೇ ಭಾನುವಾರ ಬಂದು ಒಬ್ಬನೇ ಒಳಗಿದ್ದನಂತೆ. ಮರಿಗಿಡ ಕೇಳಿದ್ದ, ಕೊಟ್ಟಿರಲಿಲ್ಲ. ಹೊಟ್ಟೆಕಿಚ್ಚು!"

"ಬೈಯೋಕೆ ಮುಂಚೆ ಬರಬಾರದಿತ್ತೇನ್ರೀ?" ಎಂದರು ಮೇಡಂ.

ದರ್ಜಿಯನ್ನು ಕರೆದುಕೊಂಡು ಮೇಡಂ ಹೂವಿನ ಕೋಣೆಗೆ ಬಂದರು. ಚಳಿಗಾಲದ ಹೀಟರ್ ಗಾಳಿಯನ್ನು ಒಣಗಿಸುತ್ತದೆಂದು ಗಡಿಯಾರದವರು ಬೇರುಗಳ ಸುತ್ತ ಜೀವಂತ ಪಾಚಿ ಹಾಸಿದ್ದರು. ಅದು ತೇವ ಹಿಡಿದಿಡುತ್ತದೆ. ನೀರು ಕೆಟ್ಟರೆ ಮೊದಲು ಸುಡುವುದೂ ಅದೇ. ಹನ್ನೊಂದು ಕುಂಡಗಳಲ್ಲಿ ಪಾಚಿ ಕಂದು ಬಣ್ಣಕ್ಕೆ ತಿರುಗಿ, ಅಂಚಿಗೆ ಬಿಳಿ ಪುಡಿ ಕಟ್ಟಿತ್ತು. ಮೇಡಂ ಉಗುರಲ್ಲಿ ಕೆರೆದು ನಾಲಿಗೆಗೆ ಮುಟ್ಟಿಸಿಕೊಂಡರು. ಎಲ್ಲಕ್ಕಿಂತ ಮೇಲಿನ ಹಲಗೆಯ ಕುಂಡದಲ್ಲಿ ಮಾತ್ರ ಪಾಚಿ ಹಸಿರಾಗಿತ್ತು. ಅದಕ್ಕೊಂದು ಪ್ಲಾಸ್ಟಿಕ್ ಕವರ್ ಮುಚ್ಚಿತ್ತು.

"ಈ ಕವರ್ ನಂದಲ್ಲ," ಎಂದರು ಗಡಿಯಾರದವರು.

ಮೂಲೆಯಲ್ಲಿ ಮಳೆನೀರಿನ ಕ್ಯಾನ್. ನೀರು ಎರಡು ಬೆರಳಷ್ಟೇ ಇಳಿದಿತ್ತು. ಮೇಡಂ ಅಡುಗೆಮನೆಗೂ ಹೋಗಿ ಬಂದು, ದರ್ಜಿಯ ಕಿವಿಯಲ್ಲಿ ಕೇಳಿದರು: "ಅವರಕ್ಕನ ಬಟ್ಟೆ ಹೊಲಿಯೋನು ನೀನೇ ಅಲ್ವಾ? ಕೈ ಎತ್ತಿದ್ರೆ ಎಷ್ಟೆತ್ತರ ಎಟಕುತ್ತೆ?"

"ಆ ಹಲಗೆ ಎಟಕಲ್ಲ ಮೇಡಂ. ಮಂಡಿನೋವು ಬೇರೆ, ಸ್ಟೂಲ್ ಹತ್ತಲ್ಲ."

ಅಳತೆ ಹೇಳಿದ್ದಕ್ಕೆ ದರ್ಜಿ ಜೀವನದಲ್ಲಿ ಮೊದಲ ಸಲ ಪಶ್ಚಾತ್ತಾಪಪಟ್ಟ.

ನಾಲ್ಕು ಗಂಟೆಗೆ ಹೂವಿನ ಕೋಣೆಯಲ್ಲಿ ಎಲ್ಲರೂ ಸೇರಿದರು. ಮೇಡಂ ಕರೆದರೆಂದು ನರ್ಸರಿಯವನೂ ಬಂದು ಬಾಗಿಲ ಬಳಿಯೇ ನಿಂತ.

"ಗಿಡ ಕೊಂದಿದ್ದು ಉಪ್ಪು," ಎಂದರು ಮೇಡಂ. "ಅಂಚಿನ ಪುಡಿ ಅದೇ. ಅಡುಗೆಮನೆ ನಲ್ಲಿಗೆ ಕೂರಿಸಿರೋ ಮಷಿನ್ನು ನೀರಿನ ಸುಣ್ಣ ತೆಗೆದು ಉಪ್ಪಿನಂಶ ಬಿಡುತ್ತೆ. ಉಪ್ಪಿನ ಚೀಲ ಪಕ್ಕದಲ್ಲೇ ಇದೆ. ನಮಗೆ ಗೊತ್ತಾಗಲ್ಲ, ಪಾಚಿಗೆ ಗೊತ್ತಾಗುತ್ತೆ. ಅಕ್ಕನ ಕೈ ಎಟಕಿದ ಕುಂಡಗಳಷ್ಟೇ ಹಾಳಾಗಿವೆ. ಎಟಕದ್ದು ಒಣಗ್ತಿರೋದು ನೋಡಿ, ಕ್ಯಾನಿನ ಮಳೆನೀರು ಹಾಕಿ, ತೇವ ಆರದ ಹಾಗೆ ಕವರ್ ಮುಚ್ಚಿದ್ದು ಬಾಗಿಲಲ್ಲಿ ನಿಂತಿರೋ ಇವರು. ಕವರಿನ ಮೇಲೆ ನರ್ಸರಿ ಮುದ್ರೆ ಇದೆ."

ಅಕ್ಕ ಕುರ್ಚಿಯ ತೋಳು ಹಿಡಿದುಕೊಂಡರು. "ಒಳ್ಳೆ ನೀರು ಹಾಕು ಅಂತ ಫೋನಲ್ಲಿ ನೀನೇ ಹೇಳಿದ್ದಲ್ವೇನೋ? ಒಳ್ಳೆ ನೀರು ಅಂದ್ರೆ ಕುಡಿಯೋ ನೀರು ತಾನೇ? ಆ ಕ್ಯಾನಲ್ಲಿರೋದು ಸೂರಿಂದ ಸುರಿದಿದ್ದು. ಒಂದು ದಿನಾನೂ ತಪ್ಪಿಸಿಲ್ಲ ಕಣೋ."

ಗಡಿಯಾರದವರಿಗೆ ಒಳ್ಳೆ ನೀರೆಂದರೆ ಯಾವತ್ತೂ ಮಳೆನೀರು. ಅದನ್ನು ಅಕ್ಕನಿಗೆ ಬಿಡಿಸಿ ಹೇಳಬೇಕೆಂದು ಅವರಿಗೆ ಹೊಳೆದೇ ಇರಲಿಲ್ಲ. ಅವರು ಬಾಗಿಲ ಕಡೆ ತಿರುಗಿದರು. "ತಪ್ಪಾಯ್ತು ಕಣೋ."

"ಅಂಗಡಿ ತುಂಬ ಜನ ಇದ್ರು," ಎಂದ ನರ್ಸರಿಯವನು. ಮೇಲಿನ ಹಲಗೆ ನೋಡಿದ. "ಆ ಕವರ್ ತೆಗೀಬೇಡ. ಚಳಿ ಹೋಗೋವರೆಗೂ ಇರ್ಲಿ." ಮೆಟ್ಟಿಲಿಳಿದು ಹೋದ.

ಸೋಮವಾರ ನರ್ಸರಿಯಿಂದ ಒಂದು ಡಬ್ಬಿ ಹಸಿರು ಪಾಚಿ ಬಂತು. ತಂದುಕೊಟ್ಟವನು ಗೆಳೆಯನಲ್ಲ, ಕೊರಿಯರ್‌ನವನು.