ಹಿಂದೆ ಬಂದ ಬಕೆಟ್ಟು

“ಸರೋವರದ ಆ ತುದೀಲಿ ದೀಪದ ಗೋಪುರ ಇದೆಯಲ್ಲ, ಅದರ ಬುಡದಿಂದ ಬಿಳಿ ಕಲ್ಲೊಂದು ತಂದು ಈ ಮೇಜಿನ ಮೇಲಿಡು. ನಿನ್ನ ಹಾಯಿ ಹರಿಯದೆ ಹೋಗಿ ಬಂತು ಅಂದ್ರೆ, ಇನ್ಮೇಲೆ ನನ್ನ ಅಷ್ಟೂ ದೋಣಿಗೆ ಹಾಯಿ ಹೊಲಿಯೋದು ನೀನೇ. ಹರೀತು ಅಂದ್ರೆ ಕಾರ್ಖಾನೆ ಹಾಯಿ ತರಿಸ್ತೀನಿ. ಆಗ ಅಣ್ಣ ಹೀಗೆ ಮಾಡಿದ ಅಂತ ಮುಖ ಊದಿಸ್ಕೋಬಾರದು.”

ದೋಣಿ ಕಟ್ಟುವ ಅಣ್ಣ ಇಷ್ಟು ಹೇಳಿ, ಟಾರು ಮೆತ್ತಿದ ಕೈಗಳನ್ನು ಚಿಂದಿಬಟ್ಟೆಗೆ ಒರೆಸಿಕೊಂಡನು. ತಂಗಿ ಪರದೆ ಹೊಲಿಯುವವಳು. ಆಸ್ಪತ್ರೆಯ ವಾರ್ಡುಗಳಿಗೆ, ಹೋಟೆಲಿನ ಕೋಣೆಗಳಿಗೆ, ನಾಟಕಶಾಲೆಯ ರಂಗಕ್ಕೆ ಪರದೆ ಹೊಲಿದು ಹೊಲಿದು, ಗಾಳಿ ಬಂದಾಗ ಸುಮ್ಮನೆ ತೂಗಾಡುವ ಬಟ್ಟೆಯ ಮೇಲೆ ಅವಳಿಗೆ ಬೇಸರ ಹುಟ್ಟಿತ್ತು. ಗಾಳಿಯನ್ನು ಹಿಡಿದು ದುಡಿಸುವ ಬಟ್ಟೆಯೊಂದನ್ನು ಹೊಲಿಯಬೇಕೆಂಬ ಆಸೆಯಿಂದ ಇಡೀ ಚಳಿಗಾಲ ಕುಳಿತು, ದಪ್ಪ ಕ್ಯಾನ್ವಾಸಿನ ಪಟ್ಟಿಗಳನ್ನು ಎರಡೆರಡು ಸಾಲು ಹೊಲಿಗೆ ಹಾಕಿ ಜೋಡಿಸಿದ್ದಳು.

ಅವಳ ಗಂಡನನ್ನು ಬೀದಿಯವರೆಲ್ಲ ಬೀಗಪ್ಪನೆಂದೇ ಕರೆಯುತ್ತಿದ್ದರು. ಬೀಗ ರಿಪೇರಿ ಅವನ ಕಸುಬು. ಕೆಟ್ಟ ಬೀಗವನ್ನು ಕಿವಿಯ ಬಳಿ ಹಿಡಿದು ಒಮ್ಮೆ ಅಲುಗಿಸಿದರೆ ಸಾಕು, ದೋಷ ಎಲ್ಲಿದೆಯೆಂದು ಹೇಳಿಬಿಡುತ್ತಿದ್ದನು. ಆ ಜಾಣತನವೇ ಚಟವಾಗಿ, ಬೀಗವಲ್ಲದ ವಸ್ತುಗಳಲ್ಲಿಯೂ ದೋಷವನ್ನು ಥಟ್ಟನೆ ಹೇಳದೆ ಇರಲಾರದವನಾಗಿದ್ದನು.

“ಚುಕ್ಕಾಣಿ ನಾನ್ ಹಿಡೀತೀನಿ ಭಾವ. ನೀವು ಚಿಂತೆ ಬಿಡಿ,” ಎಂದನು.

“ನೀನು ಹಿಡೀತೀಯ ಅನ್ನೋದೇ ಚಿಂತೆ, ಮಾರಾಯ,” ಎಂದನು ಭಾವ.

ಬೇಸಿಗೆಯ ರಜೆಗೆ ಅಂಗಡಿಯ ಬಾಗಿಲೆಳೆದು ದಂಪತಿಗಳು ಹೊರಟರು. ಎಡಗಡೆ ದಂಡೆ, ಬಲಗಡೆ ಕಣ್ಣು ಸೋಲುವವರೆಗೆ ನೀರು. ದಂಡೆಯುದ್ದಕ್ಕೂ ಜೊಂಡಿನ ಹಸಿರು ಪಟ್ಟಿ, ಅದರ ಹಿಂದೆ ಮರಳಿನ ದಿಬ್ಬ, ದಿಬ್ಬದ ಹಿಂದೆ ಕತ್ತು ನೀಡಿ ಇಣುಕುವ ಮರಗಳು. ಬಿಸಿಲು ನೀರಿನ ಮೇಲೆ ಪುಡಿಪುಡಿಯಾಗಿ ಬಿದ್ದಿತ್ತು. ಹಾಯಿ ಗಾಳಿಯನ್ನು ತುಂಬಿಕೊಂಡು ಬಸುರಿಯ ಹೊಟ್ಟೆಯಂತೆ ದುಂಡಗಾಯಿತು. ಹೆಂಡತಿ ಅದನ್ನು ನೋಡುತ್ತ ಊಟವನ್ನೇ ಮರೆತಳು.

ಮಧ್ಯಾಹ್ನ ಜೊಂಡಿನ ಮರೆಯಲ್ಲಿ ಲಂಗರು ಇಳಿಸಿದರು. ಬೀಗಪ್ಪನು ಸೋಡಾ ಬಾಟಲಿಗಳನ್ನು ಕಬ್ಬಿಣದ ಬಕೆಟ್ಟಿಗೆ ತುಂಬಿ, ಬಾಯಿಗೆ ಬಲೆಯ ತುಂಡು ಬಿಗಿದು, ದೋಣಿಯ ಹಿಂಬದಿಯ ಕೆಳಗಿದ್ದ ಬಳೆಗೆ ಹಗ್ಗ ಕಟ್ಟಿ, ತಣ್ಣಗಾಗಲೆಂದು ನೀರಿಗೆ ಇಳಿಬಿಟ್ಟನು. ಬುತ್ತಿ ಬಿಚ್ಚುವಷ್ಟರಲ್ಲಿ ಒಳ್ಳೆಯ ಗಾಳಿ ಎದ್ದಿತು. ಕೈತುತ್ತನ್ನು ಬಾಯಿಗೆ ತುರುಕಿಕೊಂಡು ಇಬ್ಬರೂ ಲಂಗರು ಎಳೆದು ಹೊರಟರು.

ಅಲ್ಲಿಂದ ದೋಣಿಗೆ ಏನೋ ಆಯಿತು. ಹಾಯಿ ತುಂಬಿದ್ದರೂ ಅದು ಮೊಂಡು ಎತ್ತಿನಂತೆ ಹೆಜ್ಜೆ ಕೀಳಲಿಲ್ಲ. ತೇಪೆ ಹಾಕಿದ ಹಾಯಿಯ ಮೀನುದೋಣಿಯೊಂದು ಪಕ್ಕದಲ್ಲೇ ಹಾದುಹೋಯಿತು.

“ಏನಣ್ಣ, ದೋಣಿ ನಿದ್ದೆ ಮಾಡ್ತಾ ಇದೆಯಾ? ತೊಟ್ಟಿಲು ತೂಗ್ಲಾ?” ಎಂದು ಮೀನಿನವನೊಬ್ಬನು ಕೂಗಿದನು.

ಬೀಗಪ್ಪನ ಮುಖ ಕೆಂಪಾಯಿತು. “ದೋಣಿ ಚೆನ್ನಾಗೇ ಇದೆ! ಹಾಯಿ ದಂಡ! ನನ್ ಹೆಂಡ್ತಿ ಹೊಲಿದಿದ್ದು. ಪರದೆ ಹೊಲಿಯೋಳು ನೋಡಿ, ಚಪ್ಪಟೆ ಹೊಲಿದುಬಿಟ್ಟಿದ್ದಾಳೆ!”

ಮೀನಿನವರು ನಕ್ಕರು. ಹೆಂಡತಿ ನಗಲಿಲ್ಲ. “ಬೆಳಿಗ್ಗೆ ಚೆನ್ನಾಗೇ ಓಡ್ತಲ್ಲ ರೀ,” ಎಂದಳು.

“ಬೆಳಿಗ್ಗೆ ಹೊಸ ಬಟ್ಟೆ. ಈಗ ಜಗ್ಗಿದೆ. ಮೇಲಿನ ಪಟ್ಟಿ ಬಿಚ್ಚಿ ಇನ್ನೂ ಸ್ವಲ್ಪ ಹೊಟ್ಟೆ ಕೊಡಬೇಕು. ಬೀಗ ಅಲುಗಿಸಿದ ಹಾಗೆ ಗೊತ್ತಾಗುತ್ತೆ ಕಣೇ ನನಗೆ.”

ಸಂಜೆಯ ಬಿಸಿಲಿರುವಾಗಲೇ ಮರಳಿನ ಕೊಲ್ಲಿಯೊಂದರಲ್ಲಿ ದೋಣಿ ಕಟ್ಟಿದರು. ಅವಳು ಹಾಯಿಯನ್ನು ತೊಡೆಯ ಮೇಲೆ ಹರವಿಕೊಂಡು, ಚಳಿಗಾಲದ ಹೊಲಿಗೆಯನ್ನು ಬ್ಲೇಡಿನಿಂದ ಒಂದೊಂದೇ ಕುಯ್ಯತೊಡಗಿದಳು. ಬೀಗಪ್ಪನಿಗೆ ಬಾಯಾರಿತು. ಬಾಯಾರಿದೊಡನೆ ಸೋಡಾ ನೆನಪಾಯಿತು. ಸೋಡಾ ನೆನಪಾದೊಡನೆ ಬಕೆಟ್ಟು ನೆನಪಾಯಿತು.

ಸೊಂಟದವರೆಗಿನ ನೀರಿನಲ್ಲಿ ನಡೆದು ದೋಣಿಯ ಹಿಂಬದಿಗೆ ಹೋಗಿ ಕೈಯಾಡಿಸಿದನು. ಹಗ್ಗ ಬಿಗಿಯಾಗಿ ಕಟ್ಟಿಕೊಂಡೇ ಇತ್ತು. ಅದರ ತುದಿಯಲ್ಲಿ, ದೋಣಿಯ ಕಡೆಗೆ ಬಾಯಿ ತೆರೆದುಕೊಂಡು, ಮಧ್ಯಾಹ್ನದಿಂದ ಕೆರೆಯಷ್ಟು ನೀರನ್ನು ಎಳೆದು ತಂದ ಬಕೆಟ್ಟು.

ಅವನು ಹಗ್ಗದ ಗಂಟು ಬಿಚ್ಚತೊಡಗಿದನು.

“ರೀ, ಇಷ್ಟು ಬಿಚ್ಚಿದ್ರೆ ಸಾಕಾ?” ಎಂದು ಅವಳು ದಂಡೆಯಿಂದ ಕೇಳಿದಳು. ಅರ್ಧ ಹೊಲಿಗೆ ಮಾತ್ರ ಹೋಗಿತ್ತು. ‘ನಿಲ್ಲಿಸು’ ಎಂಬ ಒಂದೇ ಮಾತು ಸಾಕಾಗುತ್ತಿತ್ತು. ಆ ಮಾತು ಅವನ ಗಂಟಲಿನವರೆಗೆ ಬಂದು, ಮೀನಿನವರ ನಗುವನ್ನು ನೆನೆದು, ಹಿಂದಕ್ಕೆ ಹೋಯಿತು.

“ಇನ್ನೂ ಸ್ವಲ್ಪ ಬಿಚ್ಚು,” ಎಂದನು.

ಅವಳು ಪೂರ್ತಿ ಬಿಚ್ಚಿ ಮತ್ತೆ ಹೊಲಿದಳು. ಎರಡನೆಯ ಸಾಲಿಗೆ ನೂಲು ಸಾಲಲಿಲ್ಲ. ಅವನು ಬಕೆಟ್ಟನ್ನೂ ಬಾಟಲಿಗಳನ್ನೂ ಮುಂಬದಿಯ ಹಲಗೆಯ ಕೆಳಗೆ ಅಡಗಿಸಿದನು. ಸೋಡಾ ಎಲ್ಲಿ ಎಂದು ಅವಳು ಕೇಳಿದಾಗ, ಜೊಂಡಿನ ಹತ್ತಿರವೇ ಮರೆತು ಬಂದೆನೆಂದನು.

ಮರುದಿನ ದೋಣಿ ಹಕ್ಕಿಯಂತೆ ಹಾರಿತು.

“ನಿಮ್ಮ ಮಾತೇ ನಿಜ ರೀ,” ಎಂದಳು ಹೆಂಡತಿ, ಹಾಯಿಯ ಕಡೆ ನೋಡದೆ. “ಅಣ್ಣನಿಗೂ ಹೇಳಿಬಿಡ್ತೀನಿ. ನನ್ನ ಕೈ ಪರದೆಗೇ ಲಾಯಕ್ಕು.”

ಕಳ್ಳನ ಮನಸ್ಸು ಹುಳ್ಳುಳ್ಳಗೆ. ಬೀಗಪ್ಪನು ಚುಕ್ಕಾಣಿಯನ್ನು ಗಟ್ಟಿಯಾಗಿ ಹಿಡಿದು, ದೂರದಲ್ಲೇನೋ ಕಂಡವನಂತೆ ಕಣ್ಣು ಕಿರಿದು ಮಾಡಿದನು. ಗೋಪುರ ಬಂದಿತು. ಸುಣ್ಣದಂತೆ ಬೆಳ್ಳಗಿದ್ದ ಕಲ್ಲುಗಳ ದಂಡೆಗೆ ಇಳಿದು, ಅವಳು ಮೊಟ್ಟೆಯ ಗಾತ್ರದ ಕಲ್ಲೊಂದನ್ನು ಆರಿಸಿ ಸೆರಗಿನಲ್ಲಿ ಗಂಟು ಹಾಕಿಕೊಂಡಳು. ಗುರಿ ಮುಟ್ಟಿದ ಸಂತೋಷ ಅವಳ ಮುಖದಲ್ಲಿ ಇರಲಿಲ್ಲ. ಅದನ್ನು ಅಲ್ಲಿಂದ ಕದ್ದವನು ಯಾರೆಂಬುದು ಅವನೊಬ್ಬನಿಗೇ ಗೊತ್ತಿತ್ತು.

ಹಿಂತಿರುಗುವ ದಾರಿಯಲ್ಲಿ, ಹೊತ್ತು ಇನ್ನೂ ನೆತ್ತಿಯ ಮೇಲಿರುವಾಗಲೇ, ನಡುನೀರಿನ ಕಡೆಯ ಆಕಾಶ ಇದ್ದಿಲಿನ ಬಣ್ಣಕ್ಕೆ ತಿರುಗಿತು. ಗಾಳಿ ಒಮ್ಮೆಲೇ ನಿಂತಿತು. ನೀರು ಎಣ್ಣೆಯಂತೆ ನುಣ್ಣಗಾಯಿತು.

“ಹಾಯಿ ಇಳಿಸು! ಬೇಗ!” ಎಂದು ಅವನು ಕೂಗಿದನು.

ಕೂಗು ಮುಗಿಯುವುದರೊಳಗೆ ಬಿರುಗಾಳಿ ಬಡಿಯಿತು.

ಪರ್ರೆಂದು ಸದ್ದಾಯಿತು. ಒಂದೇ ಸಾಲು ಹೊಲಿಗೆಯಿದ್ದ ಮೇಲಿನ ಪಟ್ಟಿ ಆ ತುದಿಯಿಂದ ಈ ತುದಿಗೆ ಕಿತ್ತು, ಹುಚ್ಚು ನಾಲಿಗೆಯಂತೆ ಬಡಿದಾಡಿತು. ದೋಣಿ ಅಡ್ಡ ತಿರುಗಿತು. ಅಲೆ ಒಳಗೆ ನುಗ್ಗಿತು. ದಂಡೆಯ ಕಡೆ, ಬಿಳಿ ನೊರೆಯ ನಡುವೆ, ಹಲ್ಲುಗಳಂತೆ ಕಪ್ಪು ಬಂಡೆಗಳು ಎದ್ದಿದ್ದವು. ಗಾಳಿ ಅತ್ತಲೇ ನೂಕುತ್ತಿತ್ತು.

ಲಂಗರು ಎಸೆದರು. ಹಗ್ಗ ಮುಗಿಯಿತು, ತಳ ಸಿಗಲಿಲ್ಲ.

“ನೀರು ಮೊಗೀರಿ!” ಎಂದು ಅವಳು ಕಿರುಚಿ, ಹರಿದ ಹಾಯಿಯನ್ನು ತಬ್ಬಿ ಕೆಳಗೆಳೆದಳು. “ಥೂ, ನನ್ನ ಹಾಳು ಹೊಲಿಗೆ! ನಿಮ್ಮನ್ನೂ ಮುಳುಗಿಸ್ತಾ ಇದ್ದೀನಿ!”

ಸಾಯುವ ಹೊತ್ತಿನಲ್ಲಿಯೂ ಅವಳು ಅವನ ಕ್ಷಮೆ ಕೇಳುತ್ತಿದ್ದಾಳೆ. ಬೀಗಪ್ಪನಿಗೆ ಬಂಡೆಗಳಿಗಿಂತ ಆ ಮಾತು ಹೆಚ್ಚು ಭಯ ಹುಟ್ಟಿಸಿತು. ಮೊಣಕಾಲಿನ ಮೇಲೆ ತೆವಳಿ ಮುಂದಿನ ಹಲಗೆಯನ್ನು ಕಿತ್ತು, ಬಕೆಟ್ಟನ್ನು ಹೊರಗೆಳೆದನು. ದೋಣಿ ವಾಲಿತು. ಸೋಡಾ ಬಾಟಲಿಗಳು ಉರುಳುರುಳಿ ಅವಳ ಪಾದಕ್ಕೆ ಬಡಿದವು.

ಅವಳು ಬಾಟಲಿಗಳನ್ನು ನೋಡಿದಳು. ಬಕೆಟ್ಟನ್ನು ನೋಡಿದಳು.

“ಇದನ್ನ ಮುಂದಿಂದ ಬಿಡೋಣ!” ಎಂದು ಅವನು ಹಗ್ಗ ಬಿಗಿಯುತ್ತಲೇ ಅರಚಿದನು. “ದೋಣಿ ಮೂತಿ ಗಾಳಿ ಕಡೆ ತಿರುಗುತ್ತೆ! ಇದು ಹಿಡಿದುಕೊಳ್ಳುತ್ತೆ!”

“ನಿಮಗೆ ಹೇಗ್ ಗೊತ್ತು?”

ಯಾವುದೋ ಹಳೆಯ ನಾವಿಕನು ಹೇಳಿದ್ದನೆನ್ನಬಹುದಾಗಿತ್ತು.

“ನಿನ್ನೆ ಇಡೀ ಮಧ್ಯಾಹ್ನ ಹಿಡಿದುಕೊಂಡಿತ್ತು! ಹಿಂದೆ ಕಟ್ಟಿ ನಾನೇ ಮರೆತಿದ್ದೆ! ಹಾಯಿ ಸರಿಯಾಗೇ ಇತ್ತು ಕಣೇ! ನೀನು ಅರ್ಧ ಬಿಚ್ಚಿದಾಗಲೇ ನನಗೆ ಗೊತ್ತಾಗಿತ್ತು!”

ಗಾಳಿಯ ಅಬ್ಬರದಲ್ಲಿಯೂ ಅವಳಿಗೆ ಪ್ರತಿಯೊಂದು ಅಕ್ಷರ ಕೇಳಿಸಿತು.

ಬಕೆಟ್ಟು ನೀರಿಗೆ ಬಿದ್ದಿತು. ಹಗ್ಗ ಬಿಗಿಯಿತು. ದೋಣಿ ನಡುಗಿ, ನಿಧಾನವಾಗಿ ಅಲೆಗಳಿಗೆ ಮುಖ ತಿರುಗಿಸಿತು. ಬಂಡೆಗಳು ಹತ್ತಿರವಾಗುವ ವೇಗ ತಗ್ಗಿತು. ಅಷ್ಟೇ ಸಮಯ ಅವಳಿಗೆ ಬೇಕಾಗಿದ್ದುದು. ಹರಿದ ಪಟ್ಟಿಯನ್ನು ಕೊಯ್ದು ಹಾಕಿ, ಎರಡು ಸಾಲು ಹೊಲಿಗೆಯಿದ್ದ ಕೆಳಭಾಗದ ಮೇಲಿನ ಮೂಲೆಯನ್ನು ಮುದುರಿ, ಬಿಳಿ ಕಲ್ಲನ್ನು ಆ ಮುದುರಿನೊಳಗಿಟ್ಟು, ಜಾರದಂತೆ ಅದರ ಕತ್ತಿಗೆ ಹಾಯಿ ಏರಿಸುವ ಹಗ್ಗ ಬಿಗಿದಳು.

“ಅರ್ಧ ಹಾಯಿ ಏರಿಸ್ತೀನಿ. ಏರಿದ ತಕ್ಷಣ ಬಕೆಟ್ ಎಳೀರಿ. ನಾನ್ ಹೇಳಿದಾಗ ಮಾತ್ರ!”

“ಹೂಂ.”

“ಈಗ!”

ಅವನು ಎಳೆದನು. ಅಂಗೈ ಸುಲಿಯಿತು. ಎಳೆದನು. ಗಿಡ್ಡ ಹಾಯಿ ಗಾಳಿಗೆ ಎದೆಯೊಡ್ಡಿತು. ಒಂದು ಹೊಲಿಗೆಯೂ ಮಿಸುಕಲಿಲ್ಲ. ಕೊನೆಯ ಬಂಡೆ ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಹಾದು ಹಿಂದೆ ಸರಿಯಿತು.

ಆಮೇಲಿನ ದಾರಿಯಲ್ಲೆಲ್ಲ ಅವಳು ಚುಕ್ಕಾಣಿ ಹಿಡಿದಳು. ಅವನು ನೀರು ಮೊಗೆದನು. ಅವಳು ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ದೋಣಿಗಳು ನಿಲ್ಲುವ ದಕ್ಕೆಯಲ್ಲಿ ಅಣ್ಣನೊಂದಿಗೆ ಅವನ ಕೆಲಸಗಾರರೂ ನಿಂತಿದ್ದರು. ಹಾಯಿಯ ಅವಸ್ಥೆ ಕಂಡು ಅಣ್ಣನು ತಲೆಯಾಡಿಸಿದನು. “ನಾನ್ ಹೇಳಿರಲಿಲ್ವಾ ತಂಗಿ? ಪರದೆ ಬೇರೆ, ಹಾಯಿ ಬೇರೆ.”

ಅವಳು ಹಾಯಿಯ ಮೂಲೆ ಬಿಚ್ಚಿ ಕಲ್ಲನ್ನು ತೆಗೆದು ಅಣ್ಣನ ಕೈಯಲ್ಲಿಟ್ಟಳೇ ಹೊರತು ಗಂಡನ ಮೇಲೆ ದೂರು ಹೇಳಲಿಲ್ಲ. ಹೇಳಬೇಕಾದವರು ಹೇಳಲಿ ಎಂಬಂತೆ ಸುಮ್ಮನೆ ನಿಂತಳು.

ಬೀಗಪ್ಪನು ಬಕೆಟ್ಟನ್ನು ಎತ್ತಿ ಹಿಡಿದನು. “ಭಾವ, ಹಾಯಿ ಹರಿಸಿದ್ದು ಇದು. ಅಂದ್ರೆ ನಾನು,” ಎಂದು ಆರಂಭಿಸಿ, ಎಲ್ಲವನ್ನೂ, ಮೀನಿನವರ ಎದುರಿಗೆ ಹೆಂಡತಿಯನ್ನು ಹಳಿದುದನ್ನೂ ಬಿಡದೆ ಹೇಳಿದನು. ಕೆಲಸಗಾರರು ಬಿದ್ದು ಬಿದ್ದು ನಕ್ಕರು. ಅವನು ತಲೆತಗ್ಗಿಸಿಕೊಂಡು ಆ ನಗು ಮುಗಿಯುವವರೆಗೂ ನಿಂತನು.

“ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ನೀನು ನೆಲಾನೇ ಅಗೆಸಿಬಿಟ್ಟೆಯಲ್ಲೋ ಬೀಗಪ್ಪ!” ಎಂದ ಅಣ್ಣನು, ಉಳಿದ ಹಾಯಿಯ ಹೊಲಿಗೆಗಳನ್ನು ಎರಡೂ ಕೈಗಳಿಂದ ಜಗ್ಗಿ ನೋಡಿದನು. ಇನ್ನೊಮ್ಮೆ, ಕಾಲು ಕೊಟ್ಟು ಜಗ್ಗಿದನು. “ಅಷ್ಟೂ ದೋಣಿ ಕೊಡೋಲ್ಲ ತಂಗಿ. ಹರೀತು ಅನ್ನೋದಂತೂ ನಿಜ. ಒಂದು ದೋಣಿ ಕೊಡ್ತೀನಿ. ಹೊಲಿ, ನೋಡೋಣ.”

“ಸಾಕು ಅಣ್ಣ. ಮೊದಲು ಇದನ್ನ ಸರಿಮಾಡ್ತೀನಿ. ಹಳೇ ನೂಲು ಬಿಚ್ಚೋ ಕೆಲಸ ಇವರದು.”

ಬೀಗಪ್ಪನು ಸುಲಿದ ಅಂಗೈಗೆ ಬಟ್ಟೆ ಸುತ್ತಿಕೊಂಡು, ಎಲ್ಲರ ಕಣ್ಣೆದುರಿಗೆ, ದಕ್ಕೆಯ ಹಲಗೆಯ ಮೇಲೆ ಕುಳಿತು ಒಂದೊಂದೇ ಎಳೆ ಕೀಳತೊಡಗಿದನು. ಸ್ವಲ್ಪ ಹೊತ್ತಿಗೆ ಹೆಂಡತಿ ಬಂದು ಪಕ್ಕದಲ್ಲಿ ಕುಳಿತಳು. ಒಂದು ಸೋಡಾ ಒಡೆದು ಅರ್ಧ ಕುಡಿದು, ಉಳಿದುದನ್ನು ಅವನ ಕೈಗೆ ಕೊಟ್ಟಳು.

ಅವನು ಒಂದು ಗುಟುಕು ಕುಡಿದು ಮುಖ ಕಿವಿಚಿದನು. “ಬಿಸಿಯಾಗಿಬಿಟ್ಟಿದೆ. ಬಕೆಟ್‌ನಲ್ಲಿಟ್ಟು ನೀರಿಗೆ…”

ಮಾತು ಅಲ್ಲಿಗೇ ನಿಂತಿತು. ಅವಳು ಅವನನ್ನೇ ನೋಡುತ್ತಿದ್ದಳು.

“ಬಿಸಿಯಾಗೇ ಕುಡೀರಿ,” ಎಂದಳು.