ಬಿಟ್ಟ ಬಿಳಿ

ಟಿಣ್.

ಕುಂಚದ ಹಿಡಿ ಗಾಜಿನ ಲೋಟದ ಅಂಚಿಗೆ ತಾಗಿದ ಸದ್ದು. ಹಗಲಾಗಿದ್ದರೆ ಯಾರಿಗೂ ಕೇಳುತ್ತಿರಲಿಲ್ಲ. ಮನೆಯೆಲ್ಲ ಮಲಗಿದ ಹೊತ್ತಿನಲ್ಲಿ ಅದು ಗೋಡೆಯ ಆಚೆಗೂ ಹೋಯಿತು.

“ಎಂತ ಅದು ಹರಿಣಿ?” ಪಕ್ಕದ ಕೋಣೆಯಿಂದ ಅತ್ತಿಗೆ ಸತ್ಯವತಿಯ ದನಿ.

“ನೀರು ಕುಡಿದದ್ದು ಅತ್ತಿಗೆ.”

“ಎಷ್ಟು ಸಲ ಬಾಯಾರುದು ಮಾರಾಯ್ತಿ ನಿನಗೆ!”

ಹರಿಣಾಕ್ಷಿ ಉಸಿರು ಬಿಗಿಹಿಡಿದು ಕುಳಿತಳು. ಲೋಟದ ನೀರು ನೀಲಿಯಾಗಿತ್ತು. ಎದುರಿಗಿದ್ದ ಕಾಗದದಲ್ಲಿ ನದಿ, ಗುಡ್ಡ, ಆಕಾಶ. ಎಲ್ಲವೂ ತುಂಬಿತ್ತು, ಎಲ್ಲವೂ ದಪ್ಪ. ಸಾಸಿವೆಯಷ್ಟು ಬಿಳಿಯೂ ಉಳಿದಿರಲಿಲ್ಲ. ನಾಳೆ ಡ್ರಾಯಿಂಗ್ ಮಾಸ್ಟ್ರು ಇದನ್ನು ನೋಡಿ ಏನು ಹೇಳುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಅದನ್ನು ಕೇಳಿಸಿಕೊಳ್ಳುವುದಕ್ಕೇ ಬರೆದೆನೋ ಏನೋ ಎಂಬುದು ಮಾತ್ರ ಗೊತ್ತಿರಲಿಲ್ಲ.

ಅವಳಿಗೆ ಇಪ್ಪತ್ತೆಂಟು. ಬಿ.ಎ., ಬಿ.ಎಡ್. ಕುಮಾರಧಾರೆಯ ಆಚೆ, ಸವಣೂರಿನ ಕಡೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಿದ್ದಳು. ಆದರೆ ನದಿಯ ಈಚೆ, ರಾಮಕುಂಜದ ಹತ್ತಿರದ ಅವಳ ಊರಿನಲ್ಲಿ ಅವಳ ಗುರುತು ಬೇರೆಯೇ. “ಯಾರು, ತ್ಯಾಂಪಣ್ಣನ ತಂಗಿಯಾ? ಆ ಬಿಟ್ಟದ್ದಾ?” ಗಂಡ ಬಿಟ್ಟದ್ದು ಎಂದು ಪೂರ್ತಿ ಹೇಳುವ ಅಗತ್ಯವೂ ಯಾರಿಗೂ ಬೀಳುತ್ತಿರಲಿಲ್ಲ.

ಗಂಡ ಬಿಟ್ಟ ಮೇಲಿನಿಂದ ಅವಳು ಎಲ್ಲವನ್ನೂ ಎರಡೆರಡು ಸಲ ನೋಡುತ್ತಿದ್ದಳು. ತಾನು ಬಂದಾಗ ಯಾರ ಮಾತು ತಗ್ಗಿತು, ಬಸ್ಸಿನಲ್ಲಿ ಪಕ್ಕದ ಹೆಂಗಸು ಸೆರಗನ್ನು ಯಾಕೆ ಎಳೆದುಕೊಂಡಳು, ಯಾವ ನಗು ತನಗೆ ಸಂಬಂಧಿಸಿದ್ದು.

ಪ್ರೇಮನಾಥ ಸುಳ್ಯದವನು. ಎಂಬತ್ತೆರಡರ ಜೂನಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿ ಆ ಶಾಲೆಗೆ ಬಂದಿದ್ದ. ಮಕ್ಕಳಿಗೆ ಕಲಿಸುವಾಗ ಹಿಂದಿನ ಬೆಂಚಿನಲ್ಲಿ ಕೂತು ತಾನೂ ಕಲಿಯಬಹುದೇ ಎಂದು ಅವಳು ಕೇಳಿದ್ದಳು. ಅವನು “ಫೀಸು ದಿನಕ್ಕೊಂದು ನಗು” ಎಂದಿದ್ದ. ಅವಳು ಆ ದಿನ ಫೀಸು ಕೊಡಲಿಲ್ಲ.

ಅವಳು ರಾತ್ರಿ ಬರೆದ ಚಿತ್ರವನ್ನು ಮರುದಿನ ಸ್ಟಾಫ್ ರೂಮಿನಲ್ಲಿ ಅವನು ಕಿಟಕಿಯ ಬೆಳಕಿಗೆ ಹಿಡಿದ.

“ಟೀಚರ್, ಇದರಲ್ಲಿ ಉಸಿರು ತೆಗೆಯಲಿಕ್ಕೆ ಜಾಗ ಎಲ್ಲಿ ಉಂಟು?”

“ನದಿಯಲ್ಲಿ ಉಂಟಲ್ಲ.”

“ಇದು ನದಿಯಾ? ನಾನು ಡಾಮರು ರಸ್ತೆ ಅಂದುಕೊಂಡದ್ದು.”

ಅವಳು ನಗಲಿಲ್ಲ. ತುಟಿಯ ಒಂದು ಕೊನೆ ಮಾತ್ರ ಅವಳ ಮಾತು ಕೇಳಲಿಲ್ಲ. ಅವನು ಅದನ್ನು ನೋಡಿದ. ನೋಡಿದ್ದನ್ನು ಅವಳೂ ನೋಡಿದಳು.

ಅವನು ಅವಳ ಬಣ್ಣದ ಡಬ್ಬಿ ತೆರೆದ. ಬಿಳಿಯ ಟ್ಯೂಬು ಕತ್ತು ಹಿಸುಕಿದಂತೆ ಅರ್ಧ ಖಾಲಿಯಾಗಿತ್ತು.

“ಕಳ್ಳಿ ಸಿಕ್ಕಿದಳು. ಎಲ್ಲ ತುಂಬಿಸುದು, ಮತ್ತೆ ಮೇಲಿಂದ ಬಿಳಿ ಬಳಿಯುದು, ಅಲ್ಲವಾ?” ಟ್ಯೂಬನ್ನು ಅಂಗಿಯ ಕಿಸೆಗೆ ಹಾಕಿಕೊಂಡ. “ಬಿಳಿ ಅಂದರೆ ಬಣ್ಣ ಅಲ್ಲ ಟೀಚರ್. ಕಾಗದ. ಅದು ಮೊದಲೇ ಇರುದು. ನಾವು ಹಾಳು ಮಾಡದಿದ್ದರೆ ಆಯಿತು.”

“ಅದು ನನ್ನ ಟ್ಯೂಬು.”

“ಗೊತ್ತುಂಟು. ಅದಕ್ಕೇ ಹೃದಯದ ಹತ್ತಿರ ಇಟ್ಟದ್ದು.”

ಮಳೆ ಮುಗಿದು ಹೊಳೆ ತಿಳಿಯಾದ ಮೇಲೆ, ಒಂದು ಶನಿವಾರ ಅರ್ಧ ದಿನದ ಶಾಲೆ ಬಿಟ್ಟಿತು. ಹರಿಣಾಕ್ಷಿ ಶಾಂತಿಮೊಗರಿನ ಕಡವಿನಲ್ಲಿ ದೋಣಿ ಹತ್ತಿ, ಕುಮಾರಧಾರೆ ದಾಟಿ ಮನೆಗೆ ಹೋಗಬೇಕು. ಪ್ರೇಮನಾಥನೂ ಹೊರಟ, ‘ಕಡವಿನ ಚಿತ್ರ ಬರೆಯಲಿಕ್ಕೆ’ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ. ಅವಳು ಬಹಳ ಹಿಂದೆ ಉಳಿದು ನಡೆದಳು.

ಮರಳಿನ ಮೇಲೆ ಕೂತು ಅವನು ಕಾಗದವನ್ನು ಒದ್ದೆ ಮಾಡಿದ. ತಿಳಿಯಾದ ಬೂದು ನೀಲಿಯನ್ನು ಅಗಲ ಕುಂಚದಿಂದ ಒಮ್ಮೆ ಎಳೆದು ಸುಮ್ಮನಾದ. ಅದು ತನ್ನಷ್ಟಕ್ಕೆ ಹರಡಿ ಆಚೆ ದಡದ ಕಾಡಾಯಿತು. ಆಮೇಲೆ ಕುಂಚವನ್ನು ಬಟ್ಟೆಗೆ ಒರೆಸಿ, ಹೆಚ್ಚುಕಡಿಮೆ ಒಣಗಿದ್ದನ್ನೇ ಅಡ್ಡಕ್ಕೆ ತೇಲಿಸಿದ. ಕಾಗದದ ತರಿಯ ಮೇಲೆ ಬಣ್ಣ ಅಲ್ಲಲ್ಲಿ ಹಿಡಿಯಿತು, ಅಲ್ಲಲ್ಲಿ ಹಾರಿತು. ಹಾರಿದಲ್ಲೆಲ್ಲ ಬಿಸಿಲು ಹೊಳೆಯಿತು. ನದಿಯನ್ನು ಅವನು ಬರೆಯಲೇ ಇಲ್ಲ. ನದಿ ಬಂತು.

“ಇಷ್ಟೇಯಾ?”

“ಇಷ್ಟೇ. ಚಿತ್ರ ಬಿಡಿಸುದು ಅಂತ ಹೇಳುತ್ತೇವಲ್ಲ, ಬಿಡಲಿಕ್ಕೆ ಗೊತ್ತಿರಬೇಕು. ಇನ್ನೊಂದು ಗೆರೆ ಎಳೆಯುವ ಅಂತ ಕಾಣುತ್ತದೆ ನೋಡಿ, ಆಗ ಕೈ ಎತ್ತಬೇಕು.”

ದೋಣಿ ನಡೆಸುವ ಆದಂ ಕುಂಞಿ ಬಗ್ಗಿ ನೋಡಿದ. “ಎಂತ ಮಾಷ್ಟ್ರೆ, ನನ್ನ ದೋಣಿಗೆ ಎರಡೇ ಗೆರೆಯಾ? ನೀರು ಒಳಗೆ ಬರುದಿಲ್ವಾ?”

“ನಿಮ್ಮ ನಿಜವಾದ ದೋಣಿಗೆ ಬರುವಷ್ಟು ಬರುದಿಲ್ಲ ಕಾಕ.”

ಈ ಸಲ ಹರಿಣಾಕ್ಷಿ ನಕ್ಕುಬಿಟ್ಟಳು. ಪ್ರೇಮನಾಥ ಕುಂಚ ಕೆಳಗಿಟ್ಟು, ಕಣ್ಣನ್ನು ಅರ್ಧ ಮುಚ್ಚಿ ಅವಳನ್ನೇ ನೋಡಿದ.

“ಯಾಕೆ ಹಾಗೆ ನೋಡುದು?”

“ಚಿತ್ರ ಬರೆಯುವವರು ಹೀಗೆಯೇ ನೋಡುದು. ಬೇಡದ್ದೆಲ್ಲ ಮಸುಕಾಗುತ್ತದೆ. ಬೆಳಕು ಮಾತ್ರ ಉಳಿಯುತ್ತದೆ.”

“ಈಗ ಎಂತ ಉಳಿಯಿತು?”

ಅವನು ಕುಂಚವನ್ನು ಮತ್ತೆ ಎತ್ತಿಕೊಂಡ. ಕಿವಿ ಕೆಂಪಾಯಿತು. ಆ ಕಿವಿಯನ್ನು ಅವಳು ವಾರವಿಡೀ ನೆನೆದಳು.

ನಂತರದ ಶನಿವಾರಗಳಲ್ಲಿ ಅವಳೂ ಕುಂಚ ಹಿಡಿದಳು. ಆದರೆ ಕೈ ನಿಲ್ಲುತ್ತಿರಲಿಲ್ಲ. ಎಲ್ಲಿ ಬಿಳಿ ಕಂಡರೂ ಹೋಗಿ ಮುಚ್ಚುತ್ತಿತ್ತು.

“ನನಗೆ ಖಾಲಿ ಜಾಗ ಕಂಡರೆ ಹೆದರಿಕೆ,” ಎಂದಳು ಒಂದು ದಿನ.

“ಯಾಕೆ?”

ಅವಳು ಯಾರಿಗೂ ಪೂರ್ತಿ ಹೇಳದ್ದನ್ನು ಆ ದಿನ ಅವನಿಗೆ ಹೇಳಿದಳು. ದೇವದಾಸನನ್ನು ಮದುವೆಯಾಗಿ ಬೊಂಬಾಯಿಗೆ ಹೋದದ್ದು. ಒಂದೇ ಕೋಣೆಯ ಮನೆ. ಬಾಗಿಲು ತೆರೆದಾಗ ಒಳಗಿನ ಹಗ್ಗದಲ್ಲಿ ಒಂದು ಪುಟ್ಟ ಹಳದಿ ಫ್ರಾಕು ಒಣಗುತ್ತಿದ್ದದ್ದು. “ಪಕ್ಕದ ಮನೆಯವರದ್ದು” ಎಂದು ಅವನು ಹೇಳಿದ್ದು, ಪಕ್ಕದ ಮನೆಯವರು ಹಾಗೆ ಹೇಳದಿದ್ದದ್ದು. ತಿಂಗಳೊಳಗೆ ಅವಳನ್ನು ಬಸ್ಸು ಹತ್ತಿಸಿ, ಊರಿಗೆ ಬೇರೆಯೇ ಕಥೆ ಕಳಿಸಿದ್ದು.

“ಅವನಿಗೆ ಅಲ್ಲಿ ಇನ್ನೊಂದು ಸಂಸಾರ ಉಂಟು ಅಂತ ಮಾತ್ರ ಅಣ್ಣನಿಗೆ ಗೊತ್ತು. ಫ್ರಾಕಿನ ಸಂಗತಿ ಹೇಳಿಲ್ಲ. ಹೇಳಿದರೆ ಅಳು ಬರುತ್ತದೆ, ಅತ್ತರೆ ಎಲ್ಲರೂ ನೋಡುತ್ತಾರೆ.”

ಪ್ರೇಮನಾಥ ತುಂಬ ಹೊತ್ತು ಮಾತಾಡಲಿಲ್ಲ. ಆ ಮೌನ ಅವಳಿಗೆ ನೆರಳಿನಂತೆ ಹಿತವಾಯಿತು. ಬೇರೆ ಯಾರಾದರೂ ಆಗಿದ್ದರೆ ಬುದ್ಧಿ ಹೇಳುತ್ತಿದ್ದರು.

ಡಿಸೆಂಬರಿನಲ್ಲಿ ಅವನು ಅವಳಿಗೆ ಒಂದು ಚಿತ್ರ ಕೊಟ್ಟ. ಮಂಜು ಮುಸುಕಿದ ಕಡವು. ದೋಣಿಯ ಎರಡು ಗೆರೆ. ದಡದಲ್ಲಿ ನಿಂತ ಒಬ್ಬಳು ಹೆಂಗಸು. ಸುತ್ತಲೂ ಒದ್ದೆ ಬೂದು. ಅವಳ ಮೇಲೆ ಮಾತ್ರ ಒಂದು ಹನಿ ಬಣ್ಣವಿಲ್ಲ. ಸೀರೆ, ಕೊಡೆ, ಮುಖ ಎಲ್ಲವೂ ಬರಿಯ ಕಾಗದ.

ಅವಳು ಕಾಗದವನ್ನು ಹತ್ತಿರ ಹಿಡಿದಳು. “ಇದು ಯಾರು?”

“ಅದಾ?” ಅವನು ಸಂಕೋಚದಿಂದ ನಕ್ಕ. “ಅದು ಬಿಟ್ಟದ್ದು.”

ಹರಿಣಾಕ್ಷಿ ಕೊಡೆ ಎತ್ತಿಕೊಂಡಳು. ದೋಣಿ ಹತ್ತಿದಳು. ಹಿಂದೆ ತಿರುಗಿ ನೋಡಲಿಲ್ಲ.

ಸೋಮವಾರ ಅವಳು ಹಿಂದಿನ ಬೆಂಚಿಗೆ ಹೋಗಲಿಲ್ಲ. ಮಂಗಳವಾರವೂ ಇಲ್ಲ. ‘ಬಿಟ್ಟದ್ದು’ ಎಂಬ ಮಾತು ಇನ್ನೊಬ್ಬ ಟೀಚರಿನ ಬಾಯಲ್ಲಿ ಅವಳ ಬಗ್ಗೆಯೇ ಬಂದದ್ದನ್ನು ಕೇಳಿಸಿಕೊಂಡ ದಿನ ಪ್ರೇಮನಾಥ ಓಡಿಕೊಂಡೇ ಕಡವಿಗೆ ಬಂದ. ದಡ ಬಿಡುತ್ತಿದ್ದ ದೋಣಿಗೆ ಹಾರಿದ. ಅಂದು ದಾಟುವವರು ಅವರಿಬ್ಬರೇ ಇದ್ದರು.

“ನಾನು ಆ ಅರ್ಥದಲ್ಲಿ ಹೇಳಿದ್ದಲ್ಲ.”

“ಯಾವ ಅರ್ಥ?” ಅವಳು ನೀರನ್ನೇ ನೋಡುತ್ತಿದ್ದಳು.

“ಬಣ್ಣ ತಾಗಿಸಲಿಕ್ಕೆ ಮನಸ್ಸು ಬರಲಿಲ್ಲ. ಸುತ್ತ ಬರೆದದ್ದೆಲ್ಲ ಆ ಬಿಳಿಗೋಸ್ಕರ. ಬಿಟ್ಟದ್ದಲ್ಲ ಹರಿಣಾಕ್ಷಿ, ಉಳಿಸಿಕೊಂಡದ್ದು.”

ಟೀಚರ್ ಎನ್ನದೆ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಆದಂ ಕುಂಞಿ ದೋಣಿ ನೂಕುವ ಜಲ್ಲೆಯನ್ನು ನೀರಿನಲ್ಲೇ ಊರಿದ.

“ದೋಣಿ ನಿಲ್ಲಿಸಬೇಕಾ, ನಡೆಸಬೇಕಾ?”

“ನಿಲ್ಲಿಸಿ,” ಎಂದ ಅವನು.

“ನಡೆಸಿ,” ಎಂದಳು ಅವಳು.

“ಮದುವೆಯಾದ ಮೇಲೆ ಜಗಳ ಮಾಡಿ ಮಾರಾಯ್ರೆ, ನನಗೆ ಆಚೆ ಜನ ಕಾಯ್ತಾ ಉಂಟು.”

ಇಬ್ಬರೂ ತಲೆ ತಗ್ಗಿಸಿದರು. ಇಬ್ಬರೂ ನಗುತ್ತಿದ್ದರು.

ಆ ತಿಂಗಳು ಅವಳು ಎಲ್ಲವನ್ನೂ ಒಂದೇ ಸಲ ನೋಡಿದಳು.

ಮಾಸ್ಟ್ರು ಮದುವೆಯ ಮಾತು ಎತ್ತಿದಾಗ ತ್ಯಾಂಪಣ್ಣನಿಗೆ ಸಂತೋಷವೋ ಸಂತೋಷ. ಎರಡನೇ ಸಲದ ಮದುವೆಗೆ ಅವರಲ್ಲಿ ಬುಡುಧಾರೆ ಎನ್ನುತ್ತಾರೆ. ಮೊದಲ ಮದುವೆಯ ಗೌಜಿ ಇಲ್ಲ. ಮನೆಯೊಳಗೆ ನಾಲ್ಕು ಜನರೆದುರು ಮುಗಿಯುವ ಸಣ್ಣ ಶಾಸ್ತ್ರ. “ಬುಡು ಅಂದರೆ ಬಿಡುದು,” ಎಂದು ಅತ್ತಿಗೆ ತಮಾಷೆ ಮಾಡಿದಳು. “ನಿನ್ನ ಮಾಷ್ಟ್ರ ಚಿತ್ರದ ಹಾಗೆಯೇ. ಬೇಡದ್ದೆಲ್ಲ ಬಿಡುದು!” ಹರಿಣಾಕ್ಷಿಗೂ ಆ ಹೆಸರು ಮೊದಲ ಸಲ ಚಂದ ಕಂಡಿತು.

ಜನವರಿಯಲ್ಲಿ ಪ್ರೇಮನಾಥನ ತಾಯಿ ಮಗನೊಂದಿಗೆ ಸುಳ್ಯದಿಂದ ಬಾಡಿಗೆ ಕಾರಿನಲ್ಲಿ ಬಂದರು. ಚಹಾ ಮುಟ್ಟಲಿಲ್ಲ.

“ಮೊದಲಿನವನು ಯಾಕೆ ಬಿಟ್ಟದ್ದು?”

“ಅವನಿಗೆ ಬೊಂಬಾಯಿಯಲ್ಲಿ ಮೊದಲೇ ಒಂದು ಸಂಸಾರ ಇತ್ತು,” ಎಂದ ತ್ಯಾಂಪಣ್ಣ.

“ಅದು ನಿಮ್ಮ ಕಡೆಯ ಮಾತು. ನಾವು ಕೇಳಿದ್ದು ಬೇರೆ ಉಂಟು. ಇವಳೇ ಅಲ್ಲಿ ಯಾರೊಟ್ಟಿಗೋ ಸಲಿಗೆ ಮಾಡಿದ್ದಂತೆ.” ತಾಯಿ ಮಗನ ಕಡೆಗೆ ತಿರುಗಿದರು. “ನಿನಗೆ ಗೊತ್ತುಂಟಾ ಪ್ರೇಮಾ, ಸತ್ಯ ಎಂತ ಅಂತ?”

ಕೋಣೆಯಲ್ಲಿ ಎಲ್ಲರೂ ಅವನನ್ನು ನೋಡಿದರು. ಬಾಗಿಲ ಬಳಿ ನಿಂತಿದ್ದ ಹರಿಣಾಕ್ಷಿಯೂ ನೋಡಿದಳು. ಹೇಳು. ಹಗ್ಗ, ಹಳದಿ ಫ್ರಾಕು. ಇದೊಂದನ್ನು ನಿನ್ನ ಬಾಯಿಂದ ಹೇಳು. ನಾನು ಹೇಳಿದರೆ ಸಮರ್ಥನೆ, ನೀನು ಹೇಳಿದರೆ ಮಾತು.

ಪ್ರೇಮನಾಥ ಲೋಟದ ಅಂಚನ್ನು ಬೆರಳಿನಿಂದ ಸವರಿದ. ಕಿಟಕಿಯ ಹೊರಗೆ ನೋಡಿದ.

ಏನೂ ಹೇಳಲಿಲ್ಲ.

“ಹೋಗಲಿ,” ಎಂದರು ತಾಯಿ, ಕೊನೆಗೂ ಲೋಟ ಎತ್ತಿಕೊಂಡು. “ತಪ್ಪು ಇವಳದ್ದೇ ಇದ್ದರೂ ನಾವು ಹೊಟ್ಟೆಗೆ ಹಾಕಿಕೊಳ್ಳುವ. ಅವನಿಗೆ ಮನಸ್ಸಾಗಿದೆಯಲ್ಲ. ಏಪ್ರಿಲಿನಲ್ಲಿ ಸಣ್ಣಕ್ಕೆ ಮುಗಿಸುವ. ದಿನ ನೋಡಿ ಹೇಳಿ ಕಳಿಸುತ್ತೇವೆ.”

ತ್ಯಾಂಪಣ್ಣ ಕೈ ಮುಗಿದ. ಮಾಡದ ತಪ್ಪಿಗೆ ಸಿಕ್ಕಿದ ಕ್ಷಮೆಗೆ ಅಣ್ಣ ಕೈ ಮುಗಿಯುವುದನ್ನು ಅವಳು ಎರಡು ಸಲ ನೋಡಬೇಕಾಗಿರಲಿಲ್ಲ.

ಶನಿವಾರ ಕಡವಿನಲ್ಲಿ ಅವನು ಕಾಗದ ಒದ್ದೆ ಮಾಡಿಕೊಂಡು ಕಾಯುತ್ತಿದ್ದ. ದೋಣಿ ಆಚೆ ದಡದಲ್ಲಿತ್ತು.

“ಅಮ್ಮ ಒಪ್ಪಿದರಲ್ಲ!” ಮುಖವೆಲ್ಲ ಬೆಳಕು.

“ನೀವು ಯಾಕೆ ಮಾತಾಡಲಿಲ್ಲ?”

“ಯಾವಾಗ?” ಎಂದ. ಆಮೇಲೆ, “ಅದಾ... ಅಮ್ಮ ಹಾಗೆಯೇ. ಎಲ್ಲವನ್ನೂ ಹೇಳಲಿಕ್ಕೆ ಹೋದರೆ ಹಾಳಾಗುತ್ತದೆ ಹರಿಣಾಕ್ಷಿ. ಕೆಲವು ಹಾಗೆಯೇ ಬಿಟ್ಟರೆ ಚಂದ.”

“ಕಾಗದದಲ್ಲಿ ಬಿಟ್ಟರೆ ಅದು ಬೆಳಕು,” ಎಂದಳು ಅವಳು, ಒಂದೊಂದು ಶಬ್ದವನ್ನೂ ಆರಿಸಿ. “ಮನುಷ್ಯರ ಎದುರು ಬಿಟ್ಟರೆ, ನೋಡಿದವರು ಅವರವರಿಗೆ ಬೇಕಾದ ಬಣ್ಣ ತುಂಬಿಸುತ್ತಾರೆ. ಇಷ್ಟು ವರ್ಷ ತುಂಬಿಸಿದ್ದು ಸಾಲದಾ? ನಿಮ್ಮ ಮನೆಗೆ ಬಂದು ದಿನಾ ಕ್ಷಮೆ ತೆಗೆದುಕೊಳ್ಳುತ್ತಾ ಇರಬೇಕಾ ನಾನು?”

“ಮದುವೆಯಾದ ಮೇಲೆ ನಿಧಾನಕ್ಕೆ ಹೇಳಿದರಾಯಿತು...”

“ಒದ್ದೆ ಇರುವಾಗ ಹಾಕದ ಬಣ್ಣ ಮತ್ತೆ ಹರಡುದಿಲ್ಲ ಅಂತ ಕಲಿಸಿದ್ದು ನೀವೇ.”

ಅವನು ಕೆಳಗೆ ನೋಡಿದ. ಕಾಗದ ಒಣಗುತ್ತಾ ಅಂಚಿನಲ್ಲಿ ಸುರುಟುತ್ತಿತ್ತು.

“ನನ್ನ ಬಿಳಿ ಟ್ಯೂಬು ಕೊಡಿ.”

ಅದು ಅವನ ಕಿಸೆಯಲ್ಲೇ ಇತ್ತು. ಮೈಯ ಬಿಸಿಗೆ ಬೆಚ್ಚಗಿತ್ತು. ಅವಳಿಗೆ ಒಂದು ಗಳಿಗೆ ಎಲ್ಲವನ್ನೂ ಹಿಂದಕ್ಕೆ ತೆಗೆದುಕೊಂಡುಬಿಡಬೇಕು ಎನಿಸಿತು. ಅವಳು ಕಣ್ಣನ್ನು ಅರ್ಧ ಮುಚ್ಚಿ ಅವನನ್ನು ನೋಡಿದಳು. ಬೇಡದ್ದೆಲ್ಲ ಮಸುಕಾಯಿತು. ಉಳಿದದ್ದು ಬಹಳ ಕಡಿಮೆ.

“ಈ ಮದುವೆ ನನಗೆ ಬೇಡ.”

“ಮನೆಯಲ್ಲಿ ಎಂತ ಹೇಳಲಿ?” ಎಂದ ಅವನು.

“ಎಂತದ್ದೂ ಹೇಳಬೇಡಿ. ನಿಮಗೆ ಅದು ಬರುತ್ತದೆ.”

ಅವನು ಹೇಳಲಿಲ್ಲ. ಮಾರ್ಚಿನಲ್ಲಿ ಕೆಲಸ ಬಿಟ್ಟು ಸುಳ್ಯಕ್ಕೆ ಹೋದ. ಸುಳ್ಯದಿಂದ ಮದುವೆಯ ದಿನದ ಸುದ್ದಿಯೂ ಬರಲಿಲ್ಲ, ಜನವೂ ಬರಲಿಲ್ಲ. ಏಪ್ರಿಲ್ ಕಳೆಯುವಾಗ ಊರು ತನ್ನಷ್ಟಕ್ಕೆ ಅರ್ಥ ಮಾಡಿಕೊಂಡಿತ್ತು. ಎರಡನೆಯವನೂ ಬಿಟ್ಟ.

“ಆ ಬಣ್ಣದವನ ಕಾಲು ಮುರಿಯಬೇಕು,” ಎಂದ ತ್ಯಾಂಪಣ್ಣ ಮಧ್ಯಾಹ್ನದ ಊಟಕ್ಕೆ ಕೂತು. “ನನ್ನ ತಂಗಿಗೆ ಎಂತ ಕಮ್ಮಿ ಅಂತ ಬಿಟ್ಟದ್ದು ಅವನು?”

ಅತ್ತಿಗೆ ಸೆರಗಿನಲ್ಲಿ ಮೂಗು ಒರೆಸಿದಳು.

“ಅಣ್ಣ,” ಎಂದಳು ಹರಿಣಾಕ್ಷಿ. ಇಬ್ಬರೂ ಅವಳನ್ನು ನೋಡಿದರು. ಮಾತು ನಾಲಿಗೆಯ ತುದಿಯಲ್ಲಿತ್ತು. ಹೇಳಿದರೆ ಅಣ್ಣ ನಾಳೆಯೇ ಸುಳ್ಯದ ಬಸ್ಸು ಹತ್ತುತ್ತಾನೆ. ಆ ತಾಯಿಯ ಎದುರು ಇನ್ನೊಮ್ಮೆ ಕೈ ಮುಗಿಯುತ್ತಾನೆ.

“ಎಂತ?”

“ಉಪ್ಪು ಕೊಡಿ.”

ಊಟದ ಮೇಲೆ ಅತ್ತಿಗೆ ಅವಳ ಕೋಣೆ ಗುಡಿಸುತ್ತ, ಪ್ರೇಮನಾಥ ಕೊಟ್ಟಿದ್ದ ಗೋಡೆಯ ಚಿತ್ರದೆದುರು ನಿಂತಳು. “ಇದನ್ನು ಇನ್ನೂ ಇಟ್ಟಿದ್ದೀಯಾ? ಇಟ್ಟದ್ದಾದರೂ ಆ ಹೆಂಗಸಿಗೆ ಒಂದು ಸೀರೆಯ ಬಣ್ಣ ಹಚ್ಚಬಾರದಾ? ಬಿಟ್ಟುಹೋಗಿದ್ದಾನೆ, ಪಾಪಿ.”

“ಅದು ಹಾಗೆಯೇ ಇರುದು ಅತ್ತಿಗೆ.”

ಸತ್ಯವತಿ ನಿಟ್ಟುಸಿರಿಟ್ಟು ಹೊರಗೆ ಹೋದಳು. ಅಂಗಳದಲ್ಲಿ ಯಾರೊಡನೆಯೋ ತಗ್ಗಿದ ದನಿಯಲ್ಲಿ ಮಾತಾಡತೊಡಗಿದಳು. ಯಾವುದರ ಬಗ್ಗೆ ಎಂದು ಹರಿಣಾಕ್ಷಿ ಕಿವಿಗೊಡಲಿಲ್ಲ.

ಅವಳು ಚಿತ್ರದಲ್ಲಿ ಬಣ್ಣ ತಾಗದೆ ನಿಂತವಳನ್ನು ನೋಡಿದಳು. ಅವಳ ಸುತ್ತ ಊರು ಬಳಿಯುವಷ್ಟು ಬಳಿಯಲಿ. ಈ ಸಲ ಬಿಟ್ಟದ್ದು ತಾನು ಎಂಬ ಒಂದೇ ಒಂದು ಮಾತು ಅವಳದ್ದಾಗಿ ಉಳಿದಿತ್ತು. ಅದನ್ನು ಅಣ್ಣನಿಗೂ, ಅತ್ತಿಗೆಗೂ, ಯಾರಿಗೂ ಹೇಳುವುದಿಲ್ಲ ಎಂದು ತೀರ್ಮಾನಿಸಿ ಅವಳು ಮೇಜಿನ ಮೇಲೆ ತೆರೆದಿದ್ದ ಬಣ್ಣದ ಡಬ್ಬಿಯನ್ನು ಮುಚ್ಚಿದಳು.